ಪಕ್ಕದ ಹಲಗೆಗೆ ಬಿದ್ದ ಗುಂಡು

ಅಪ್ಪಾ,

ಇವತ್ತು ಬ್ಲೂಮ್‌ಫಾಂಟೇನಿನ ಮೈದಾನದಲ್ಲಿ ನನ್ನ ಸ್ವಂತ ರೈಫಲ್ ಹಿಡಿದು ಮೊದಲ ಪಂದ್ಯ ಆಡಿದೆ. ರೈಫಲ್ಲೇನೋ ನೀನು ಅಂಗಡಿಯಲ್ಲಿ ನನ್ನ ಭುಜಕ್ಕಿಟ್ಟು ನೋಡಿ ಒಪ್ಪಿದ್ದೇ. ಅದರ ಮೇಲಿನ ದುರ್ಬೀನು ಮಾತ್ರ ಬೇರೆ. "ಅಷ್ಟು ಹತ್ತಿರ ತೋರಿಸೋದು ಬೇಡ ಮಗಳೇ. ಅಕ್ಕಪಕ್ಕದ ಗುರಿಹಲಗೆನೂ ಕಾಣ್ತಿರಬೇಕು, ಇಲ್ದಿದ್ರೆ ಯಾರದ್ದೋ ಹಲಗೆಗೆ ಹೊಡೀತೀಯ" ಅಂತ ನೀನು ಅಂದಿದ್ದೆ. ನೀನು ತೀರಿಹೋದ ಮೇಲೆ ನಾನೊಬ್ಬಳೇ ಹೋಗಿ ಅಲ್ಲಿದ್ದುದರಲ್ಲೇ ಎಲ್ಲಕ್ಕಿಂತ ಹತ್ತಿರ ತೋರಿಸುವುದನ್ನು ಕೊಂಡೆ.

ಗಾಳಿ ನೋಡಿ, ಉಸಿರು ಬಿಗಿಹಿಡಿದು ಹೊಡೆದೆ. ಗುಂಡು ನಟ್ಟನಡುವೆ ಬಿತ್ತು, ನನ್ನ ಪಕ್ಕದ ಜಾಗದಲ್ಲಿದ್ದ ಸರೆಲ್ ಮಾಮನ ಹಲಗೆಯ ನಟ್ಟನಡುವೆ. ಅವನ ಗುಂಡು ಅಂಚಿನಲ್ಲಿತ್ತು. ನಿಯಮದಂತೆ ಎರಡರಲ್ಲಿ ಒಳ್ಳೆಯದು ಅವನ ಲೆಕ್ಕಕ್ಕೆ ಹೋಯಿತು, ನನಗೆ ಸೊನ್ನೆ.

ಸಂಜೆ ಮಾಂಸ ಸುಡುವ ಬೆಂಕಿಯ ಬಳಿ, ತಪ್ಪು ಹಲಗೆಗೆ ಹೊಡೆದವರ ಪದ್ಧತಿಯಂತೆ, ಅವನಿಗೆ ಬ್ರಾಂದಿ ಬಗ್ಗಿಸಿಕೊಟ್ಟೆ. "ಎಲ್ಸಾಬೆ, ಮುಂದಿನ ಸಲಾನೂ ನನ್ನ ಪಕ್ಕದ ಜಾಗಾನೇ ಹಿಡಿಯಮ್ಮ, ಕಪ್ ನಂದೇ" ಎಂದು ಎಲ್ಲರನ್ನೂ ನಗಿಸಿದ. ಆಮೇಲೆ ನನ್ನ ದುರ್ಬೀನಿಗೆ ಕಣ್ಣಿಟ್ಟು ನೋಡಿ ಕೇಳಿದ: "ಇಂಥದ್ದನ್ನ ಯಾರು ತಗೋ ಅಂದ್ರು ನಿಂಗೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಪ್ಪನೇ ಆರಿಸಿದ್ದು" ಎಂದೆ.

ನಗು ನಿಂತಿತು. ಸರೆಲ್ ಮಾಮ ರೈಫಲ್ಲನ್ನು ಮೆಲ್ಲಗೆ ಚೀಲದೊಳಗಿಟ್ಟ. "ಪಾಪ, ಕೊನೆಕೊನೆಗೆ ಅವನ ಕಣ್ಣು ಮಂಜಾಗಿತ್ತೇನೋ" ಅಂದ. ಉಳಿದವರು ಹೌದೆಂದು ತಲೆಯಾಡಿಸಿದರು.

ಕೊನೆಯ ತನಕ ಕನ್ನಡಕವಿಲ್ಲದೆ ದೂರದ ಗಾಳಿಬಾವುಟ ನೋಡಿ ಗಾಳಿಯ ದಿಕ್ಕು ಹೇಳುತ್ತಿದ್ದವನು ನೀನು. ನಾನು ಬೆಂಕಿಗೆ ಇನ್ನೊಂದು ಕೊರಡು ಹಾಕಿ, ಯಾರಿಗೆ ಇನ್ನೂ ಮಾಂಸ ಬೇಕು ಎಂದು ಕೇಳಿದೆ.