ಮೂರರಿಂದ ಭಾಗವಾಗದ ಮತಗಳು

ಮಾರ್ಚ್ 14, ಶುಕ್ರವಾರ

ಗಿರಣಿ ಸಂಘದ ಚುನಾವಣೆಯಲ್ಲಿ ಮೋಸ ನಡೆದಿದೆ. ಮೂರು ಹುದ್ದೆಗೆ ಒಬ್ಬೊಬ್ಬರಿಗೂ ಮೂರು ಚೀಟಿ. ಮೂರನ್ನೂ ಒಂದೇ ದಾರದಲ್ಲಿ ಹೊಲಿದು ಪೆಟ್ಟಿಗೆಗೆ ಹಾಕುತ್ತೇವೆ, ಖಾಲಿ ಚೀಟಿಯನ್ನೂ ಎಣಿಸುತ್ತಾರೆ. ಅಂದಮೇಲೆ ಚೀಟಿಗಳ ಒಟ್ಟು ಸಂಖ್ಯೆ ಮೂರರಿಂದ ಭಾಗವಾಗಲೇಬೇಕು. ತಾನೇ ಮತ್ತೆ ಗೆದ್ದೆನೆಂದು ಕಾರ್ಯದರ್ಶಿ ಇಂದು ಓದಿದ ಒಟ್ಟು 20,482. ಅಂಕಿಗಳನ್ನು ಕೂಡಿದರೆ ಹದಿನಾರು, ಭಾಗವಾಗದು. ಸಭೆಯಲ್ಲಿ ಎದ್ದು ಕೂಗಿಯೇಬಿಟ್ಟೆ. ಯಾರೂ ತಲೆ ಎತ್ತಲಿಲ್ಲ.

"ನಿನ್ನ ಬಾಯಿಗೆ ಬೀಗ ಇಲ್ವೇನೋ? ನೀನು ಓದೋ ಆ ಕರಪತ್ರಗಳನ್ನೆಲ್ಲ ಒಲೆಗೆ ಹಾಕ್ತೀನಿ ನೋಡು!" ಎಂದು ಮನೆಯಲ್ಲಿ ಅಕ್ಕ ಅತ್ತಳು.

ಅನ್ಯಾಯಕ್ಕೆ ಎದೆಯೊಡ್ಡಿ ಎಂದು ಅವುಗಳಲ್ಲಿ ಓದುವಾಗ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಸಭೆ ಮುಗಿದು ಹೊರಡುವಾಗ ಗೇಟಿನಲ್ಲಿ ಕಾರ್ಯದರ್ಶಿ ನನ್ನ ಹೆಗಲ ಮೇಲೆ ಕೈಯಿಟ್ಟು ನಕ್ಕ. "ಲೆಕ್ಕದ ಮೇಷ್ಟ್ರೇ, ನಮಗೂ ಸ್ವಲ್ಪ ಭಾಗಾಕಾರ ಹೇಳ್ಕೊಡಿ. ಭಾನುವಾರ ಬೆಳಗ್ಗೆ ಗಿರಣಿ ಹಿಂದಿನ ಗೋದಾಮಿಗೆ ಬನ್ನಿ. ಒಬ್ರೇ ಬನ್ನಿ."

ಆ ಕೈಯ ಭಾರ ಇನ್ನೂ ಇಳಿದಿಲ್ಲ. ಹೋಗದಿದ್ದರೆ ನಾನು ಸುಳ್ಳು ಹೇಳಿದೆನೆಂದೇ ಆಗುತ್ತದೆ. ಹೋಗುತ್ತೇನೆ. ನಾಡಿದ್ದು ಭಾನುವಾರ, ಬೆಳಗ್ಗೆ ಆರಕ್ಕೆ.