ಮೂಡಲಗಿ ಬಸ್ಸಿಗೆ ಕಾದವಳು

ಗಿರಣಿ ಮನೆ, ಗೋಕಾಕ
೧೨ ಫೆಬ್ರುವರಿ ೨೦೨೫

ನನ್ನ ಮುದ್ದಿನ ಮಗಳು ಸುಜಾತಾಗೆ, ನಿನ್ನ ಅವ್ವ ಮನಸಾರೆ ಹರಸಿ ಬರೆಯುವುದು.

ಅಳಿಯಂದಿರು, ನಿನ್ನ ಅತ್ತೆಯವರು, ನನ್ನ ಮೊಮ್ಮಗಳು ಚೈತ್ರಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಸೋಮವಾರ ಫೋನಿನಲ್ಲಿ ಮಾತಾಡಿದವಳು ಬುಧವಾರ ಕಾಗದ ಬರೆಯಲು ಕೂತಿದ್ದಾಳಲ್ಲ, ಮುದುಕಿಗೆ ಏನಾಯಿತು ಎಂದು ಗಾಬರಿಯಾಗಬೇಡ. ಕೈಕಾಲು ಗಟ್ಟಿಯಾಗಿವೆ. ಫೋನಿನಲ್ಲಿ ನನಗೆ ಸುಳ್ಳು ಸರಾಗವಾಗಿ ಬರುತ್ತದೆ, ಕಾಗದದ ಮೇಲೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟ ಕೈ. ಒಂದೊಂದೇ ಅಕ್ಷರ ಕೂಡಿಸುವಷ್ಟರಲ್ಲಿ ಸುಳ್ಳು ಮರೆತುಹೋಗುತ್ತದೆ. ಮೇಲಿನ ವಿಳಾಸ ನೋಡಿ ನಿನ್ನ ಹುಬ್ಬು ಆಗಲೇ ಗಂಟಿಕ್ಕಿರಬೇಕು. ಹೌದು ಮಗಳೇ, ನಾನು ಹುಕ್ಕೇರಿಯಲ್ಲಿ ಇಲ್ಲ.

ಹುಕ್ಕೇರಿಯಲ್ಲಿ ನಿನ್ನ ಸೋದರಮಾವ ಅಣ್ಣಪ್ಪನ ಮನೆಯಲ್ಲಿ ನಾನಿದ್ದದ್ದು ಬರೀ ಇಪ್ಪತ್ತೆರಡು ದಿನ. ಕಣಗಲಾದಲ್ಲಿ ರಸ್ತೆ ಅಗಲ ಮಾಡುವಾಗ ನಾನು ಬಾಡಿಗೆಗಿದ್ದ ಸಾಲುಮನೆ ಕೆಡವಿದರಲ್ಲ, ಆಗ ಗಂಟು ಹೊತ್ತು ಅಲ್ಲಿಗೆ ಹೋದೆ. ಅವರದು ಎರಡು ಖೋಲಿ, ಏಳು ಜನ. ಯಾರೂ ನನ್ನನ್ನು ಹೋಗು ಅನ್ನಲಿಲ್ಲ, ಅವರ ಮೇಲೆ ಸುಮ್ಮನೆ ಯಾಕೆ ಹೇಳಲಿ. ಆದರೆ ನಾನು ಹಾಸಿಗೆ ಬಿಚ್ಚಿದರೆ ಅಣ್ಣಪ್ಪ ಹೊರಗೆ ಕಟ್ಟೆಯ ಮೇಲೆ ಮಲಗಬೇಕಾಗುತ್ತಿತ್ತು. ಒಂದು ಮುಂಜಾನೆ ಮಗಳ ಹತ್ತಿರ ಹೋಗುತ್ತೇನೆ ಎಂದು ಹೇಳಿ ಹೊರಟುಬಿಟ್ಟೆ. ಅವನಿಗೆ ಮೂಡಲಗಿ ಎಂದೆ, ನಿನಗೆ ಹುಕ್ಕೇರಿ ಎಂದೆ. ನಿನ್ನ ಮದುವೆಗೆ ಅವನು ಆಹೇರ ಕೊಟ್ಟ ಸೀರೆಗೆ ಜಗಳಾಡಿ ನೀವಿಬ್ಬರೂ ಮಾತು ಬಿಟ್ಟಿದ್ದಿರಿ, ಹಾಗಾಗಿ ಗುಟ್ಟು ಉಳಿಯಿತು. ಆ ಜಗಳದಿಂದ ಉಪಯೋಗ ಆದದ್ದು ನನಗೊಬ್ಬಳಿಗೇ!

ಗೋಕಾಕದಲ್ಲಿ ಇಳಿದು ಮೂಡಲಗಿ ಬಸ್ಸು ಹತ್ತಬೇಕಿತ್ತು. ಬಸ್ಸು ಬಂತು, ನಾನು ಹತ್ತಲಿಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ ತಾಯಿ ಗಂಟು ಇಳಿಸಬಾರದು ಎಂದು ನಮ್ಮವ್ವ ನನ್ನ ತಲೆಯಲ್ಲಿ ತುಂಬಿಟ್ಟಿದ್ದಳು. ನನ್ನನ್ನು ನೋಡಲು ಬಂದರೆ ಒಂದು ತಂಬಿಗೆ ನೀರು ಕುಡಿದು ಎದ್ದು ಹೋಗುತ್ತಿದ್ದವಳು ಅವಳು. ಎಷ್ಟು ಕರೆದರೂ ಊಟಕ್ಕೆ ಕೂರುತ್ತಿರಲಿಲ್ಲ. ನಾಳೆ ಹತ್ತೋಣ ಎಂದುಕೊಂಡೆ. ಹಾಗೆ ನಾಳೆ ನಾಳೆ ಎನ್ನುತ್ತ ಹತ್ತು ತಿಂಗಳು ಬಸ್ ಸ್ಟ್ಯಾಂಡಿನಲ್ಲೇ ಕಳೆದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಎದ್ದುಹೋಗಿದ್ದೆ. ಮುಖ ತೊಳೆದುಕೊಂಡು ಬಂದು ಮತ್ತೆ ಬರೆಯುತ್ತಿದ್ದೇನೆ. ನೀನೂ ಬೇಕಾದರೆ ಇಲ್ಲಿ ಸ್ವಲ್ಪ ತಡೆದು ಆಮೇಲೆ ಓದು.

ಉಪವಾಸ ಬೀಳಲಿಲ್ಲ. ಒಂದು ಖಾನಾವಳಿಯಲ್ಲಿ ಪಾತ್ರೆ ತಿಕ್ಕಿ ಎರಡು ಹೊತ್ತು ಉಣ್ಣುತ್ತಿದ್ದೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಯಾರಾದರೂ ಕೇಳಿದರೆ ಮೂಡಲಗಿ ಬಸ್ಸಿಗೆ ಕಾಯುತ್ತಿದ್ದೇನೆ ಎನ್ನುತ್ತಿದ್ದೆ. ನನ್ನ ಈ ಸುಳ್ಳನ್ನು ಹಿಡಿದವನು ಅದೇ ಬಸ್ಸಿನ ಕಂಡಕ್ಟರ್ ಭೀಮೇಶ. 'ಬರ್ರಿ ಆಯಿ, ಬಸ್ ಬಿಡಾಕತ್ತೇವಿ' ಎಂದು ದಿನಾ ಕರೆಯುವುದು, 'ಮುಂದಿನ ಬಸ್ಸಿಗಿ ಬರ್ತೇನಪಾ' ಎಂದು ನಾನು ಅನ್ನುವುದು. ಕೊನೆಗೆ ಅವನು ತನ್ನ ಓಣಿಯ ಸುಲ್ತಾನಾಬಿಯನ್ನು ಕರೆತಂದ. ಆಕೆ ನನ್ನ ಗಂಟಿನ ಬಾಜೂಕ ಕೂತು, 'ಯವ್ವಾ, ಆ ಬಸ್ ನಿನ್ನ ಕರಕೊಂಡು ಹೋಗೂ ಹಂಗ ಕಾಣೂದಿಲ್ಲ. ನನ್ನ ಕೂಡ ನಡೀ' ಎಂದಳು. ನಾನು ಎರಡು ದಿನ ಬಿಗುಮಾನ ಮಾಡಿ ಮೂರನೆಯ ದಿನ ಹೋದೆ.

ಗಿರಣಿ ಮನೆ ಎಂದರೆ ಮುಚ್ಚಿದ ಹಿಟ್ಟಿನ ಗಿರಣಿ. ಸುಲ್ತಾನಾಬಿಯ ಗಂಡ ಮೌಲಾಅಲಿ ಕಾಕಾನದು. ಮನೆ ಇಲ್ಲದೆ ಬೀದಿಯಲ್ಲಿ ಇರುವವರಿಗೆಂದು ಓಣಿಯವರೆಲ್ಲ ಕೂಡಿ ಅದನ್ನು ನಾಲ್ಕು ಖೋಲಿ ಮಾಡಿದ್ದಾರೆ. ಈಗಲೂ ಗೋಡೆ ಒರೆಸಿದರೆ ಸೆರಗಿಗೆ ಹಿಟ್ಟು ಹತ್ತುತ್ತದೆ. ಆರು ತಿಂಗಳು ಇರಬಹುದು. ಅಷ್ಟರಲ್ಲಿ ಕೆಲಸ, ಆಧಾರ ಕಾರ್ಡು, ಬಾಡಿಗೆ ಖೋಲಿ ಎಲ್ಲಕ್ಕೂ ಓಣಿಯವರೇ ಜೊತೆಗೆ ಓಡಾಡುತ್ತಾರೆ. ದಿನಕ್ಕೊಂದು ಮನೆಯಿಂದ ರೊಟ್ಟಿ ಪಲ್ಯ ಬರುತ್ತದೆ, ಅದಕ್ಕೆ ರೊಟ್ಟಿ ಪಾಳಿ ಎನ್ನುತ್ತಾರೆ. ಇಲ್ಲಿಂದ ಹೊರಟು ಸ್ವಂತ ಒಲೆ ಹೂಡಿದವರು ತಾವೂ ಪಾಳಿಗೆ ಹೆಸರು ಕೊಡಬೇಕು. ಇಲ್ಲಿ ಉಂಡವರಿಗೆ ಇರುವ ಕಟ್ಟಳೆ ಅದೊಂದೇ.

ಮೊದಲ ವಾರ ನನಗೆ ಮಂಚ ಸೇರಲಿಲ್ಲ. ಬೆಳಗಾದರೆ ಗಂಟು ತಲೆಗಿಟ್ಟುಕೊಂಡು ಬಾಗಿಲ ಹತ್ತಿರ ಬಿದ್ದಿರುತ್ತಿದ್ದೆ. ಸುಲ್ತಾನಾಬಿ ಬೈಯಲಿಲ್ಲ. ಒಳಗಿನಿಂದ ಚಿಲಕ ಹಾಕುವುದು ಹೇಗೆ ಎಂದು ತೋರಿಸಿ, 'ಈ ಚಿಲಕ ನಿನ್ನ ಕೈಯಾಗ ಐತಿ, ಯಾರೂ ಎಬ್ಬಸೂದಿಲ್ಲ' ಎಂದಳು. ಎಂಟನೆಯ ದಿನ ಹೊತ್ತೇರುವವರೆಗೂ ಮಂಚದ ಮೇಲೆ ಗೊರಕೆ ಹೊಡೆದೆನಂತೆ. ನನಗೆ ಗೊರಕೆ ಇಲ್ಲ ಎಂದು ನಿನ್ನ ಅಪ್ಪ ಇದ್ದಾಗ ಅವರ ಜೊತೆ ಎಷ್ಟು ವಾದ ಮಾಡಿದ್ದೆ, ನೆನಪಿದೆಯಾ?

ನಿನ್ನ ಅವ್ವನ ನಾಲಿಗೆ ನಿನಗೆ ಗೊತ್ತೇ ಇದೆ. ಗುರುವಾರದ ರೊಟ್ಟಿ ದಪ್ಪ, ಅಂಚು ಒಡೆದಿರುತ್ತದೆ ಎಂದುಬಿಟ್ಟೆ. ಪುಕ್ಕಟೆ ಉಂಡು ಹೆಸರಿಟ್ಟಳಲ್ಲ ಎಂದು ಎಲ್ಲರೂ ನನ್ನನ್ನೇ ನೋಡಿದರು. ಗುರುವಾರದ ಪಾಳಿಯ ದಾಕ್ಷಾಯಿಣಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದಳು. 'ಹಂಗಾದ್ರ ನೀನ ಬಂದು ಬಡದು ತೋರ್ಸಬೇ ಪಾರವ್ವ' ಎಂದಳು. ಹೋಗಿ ಬಡಿದೆ. ವರ್ಷಕ್ಕೂ ಮೇಲೆ ಹಿಟ್ಟು ಮುಟ್ಟದ ಕೈ. ಮೊದಲನೆಯದು ಹರಿಯಿತು. ಎರಡನೆಯದು ಹೆಂಚಿನ ಮೇಲೆ ಪೂರ್ತಿ ಉಬ್ಬಿತು. ಅದನ್ನು ನೋಡಿ ನನಗೆ ಅಳು ಬಂತು. ದಾಕ್ಷಾಯಿಣಿ ಹೊಗೆ ಜಾಸ್ತಿಯಾಯಿತು ಎನ್ನುತ್ತ ಕಿಟಕಿ ತೆರೆದಳು. ಅದು ಗ್ಯಾಸಿನ ಒಲೆ, ಹೊಗೆ ಎಲ್ಲಿಂದ ಬರಬೇಕು?

ಆಕೆಯ ಗಂಡ ಗುರುಪಾದ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ನೌಕರ, ದಿನಾ ಹೋಗಿ ಬರುತ್ತಾನೆ. ನನ್ನ ರೊಟ್ಟಿ ತಿಂದು, ಅಲ್ಲಿ ಹುಡುಗರು ಉಣ್ಣುವ ಖಾನಾವಳಿಗೆ ನನ್ನ ಹೆಸರು ಹೇಳಿದ. ಈಗ ಎರಡು ತಿಂಗಳಿಂದ ಅಲ್ಲಿ ರೊಟ್ಟಿ ಬಡಿಯುತ್ತೇನೆ, ಪಗಾರ ಬರುತ್ತದೆ. ಅಲ್ಲೇ ಒಂದು ಖೋಲಿಯೂ ಸಿಕ್ಕಿದೆ. ಒಂದು ಬಾಗಿಲು, ಒಂದು ಕಿಟಕಿ, ಹಿಂದೆ ನುಗ್ಗೆ ಗಿಡ. ಇದೇ ಇಪ್ಪತ್ನಾಲ್ಕನೇ ತಾರೀಖು, ಸೋಮವಾರ ಬೆಳಗ್ಗೆ ಹಾಲು ಉಕ್ಕಿಸಿ ಒಳಗೆ ಹೋಗಬೇಕು.

ಅಲ್ಲೇ ಸಿಕ್ಕಿಬಿದ್ದೆ. ಹಾಲು ಉಕ್ಕಿಸುವವರು ನಿನ್ನ ಕಡೆಯವರು ಯಾರು ಎಂದು ದಾಕ್ಷಾಯಿಣಿ ಕೇಳಿದಳು. ನಾನು ಓಣಿಯವರಿಗೆಲ್ಲ ನನಗೆ ಮಕ್ಕಳೇ ಇಲ್ಲ ಎಂದು ಹೇಳಿದ್ದೆ ಸುಜಿ. ಮಗಳಿದ್ದೂ ಹೀಗೆ ಬಿಟ್ಟಳಲ್ಲ ಎಂದು ನಿನ್ನ ಮೇಲೆ ಮಾತು ಬರಬಾರದು ಎಂದು ಹಾಗೆ ಹೇಳಿದೆ. ತಪ್ಪಾಯಿತು. ನಿನ್ನೆ ಧೈರ್ಯ ಮಾಡಿ ಸುಲ್ತಾನಾಬಿಯ ಮುಂದೆ ಬಾಯಿಬಿಟ್ಟೆ, ನನಗೊಬ್ಬ ಮಗಳಿದ್ದಾಳೆ ಎಂದೆ. ಆಕೆ ಅಕ್ಕಿ ಹಸನು ಮಾಡುತ್ತಿದ್ದವಳು ತಲೆ ಎತ್ತಲೇ ಇಲ್ಲ. 'ಗೊತ್ತೈತಿ. ಪ್ರತಿ ಸೋಮವಾರ ನನ್ನ ಫೋನ್ ಇಸಕೊಂಡು ಸುಜೀ, ಉಂಡೀ? ಅಂತ ಕೇಳಾಕಿ ನೀ. ಮಕ್ಕಳಿಲ್ಲದಾಕಿ ಯಾರನ್ನ ಹಂಗ ಕೇಳ್ತಾಳ?' ಎಂದಳು. ಅಣ್ಣಪ್ಪನ ನೆರೆಮನೆಯವರ ನಂಬರು ಎಂದು ನಿನಗೆ ಹೇಳಿದ್ದು ಈ ಸುಲ್ತಾನಾಬಿಯ ನಂಬರು. ಅದಕ್ಕೂ ಮುಂಚೆ ಮಾಡುತ್ತಿದ್ದದ್ದು ಖಾನಾವಳಿಯ ಫೋನಿನಿಂದ.

ನಿನಗೆ ಸಿಟ್ಟು ಬರುತ್ತದೆ, ಬರಬೇಕು. ನಾನು ನಿನ್ನ ಮಾನ ಕಾಯುತ್ತಿದ್ದೇನೆ ಎಂದುಕೊಂಡು ನಿನ್ನನ್ನು ಪರಕೀಯಳನ್ನಾಗಿ ಮಾಡಿದೆ. ನೀನು ಬೇಡ ಎಂದುಬಿಟ್ಟರೆ ಎಂಬ ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬಂದು ಎದುರಿಗೇ ಬೈದುಬಿಡು. ಆದರೆ ನನ್ನನ್ನು ಮೂಡಲಗಿಗೆ ಕರೆದುಕೊಂಡು ಹೋಗಲು ಬರಬೇಡ, ಹಾಲು ಉಕ್ಕಿಸಲು ಬಾ. ಓಣಿಯಿಂದ ಎಲ್ಲರೂ ಬರುತ್ತಾರೆ. ನೀನು ಬರದಿದ್ದರೆ ದಾಕ್ಷಾಯಿಣಿ ಉಕ್ಕಿಸುತ್ತಾಳೆ, ಮನೆ ಆಗಿಯೇ ಆಗುತ್ತದೆ. ಆದರೂ ನೀನು ಬಾರೇ. ನಿನ್ನ ಕೈಯಿಂದ ಉಕ್ಕಿದರೆ ಅದು ನಿನ್ನ ತವರು ಆಗುತ್ತದೆ. ಕಣಗಲಾದ ಮನೆ ಬಿದ್ದ ಮೇಲೆ ನಿನಗೆ ತವರು ಇಲ್ಲವಾಯಿತಲ್ಲ ಎಂಬುದೇ ನನಗೆ ಬಸ್ ಸ್ಟ್ಯಾಂಡಿಗಿಂತ ಹೆಚ್ಚು ಚುಚ್ಚಿದ್ದು. ರಾತ್ರಿ ಉಳಿಯುವ ಹಾಗೆ ಬಾ. ಮರುದಿನ ಮಂಗಳವಾರ, ನನ್ನ ಮೊದಲ ರೊಟ್ಟಿ ಪಾಳಿ. ಗುರುಪಾದನ ಕೈಯಲ್ಲಿ ಗಿರಣಿ ಮನೆಗೆ ಬುತ್ತಿ ಕಳಿಸಬೇಕು. ನೀನು ಹಿಟ್ಟು ನಾದಿಕೊಡು, ನಾನು ಬಡಿಯುತ್ತೇನೆ.

ದಾರಿ ನೋಡುತ್ತಿರುವ, ನಿನ್ನ ಹಟಮಾರಿ ಅವ್ವ,
ಪಾರವ್ವ

ತಾ.ಕ.: ಚೈತ್ರಾಳನ್ನು ತಪ್ಪದೆ ಕರೆದುಕೊಂಡು ಬಾ, ಅವಳಿಗೆ ಕರದಂಟು ತೆಗೆದಿಟ್ಟಿದ್ದೇನೆ. ಹೋದ ವರ್ಷ ಯುಗಾದಿಯ ಮುಂದೆ ನೀವಿಬ್ಬರೂ ಗೋಕಾಕ ಸಂತೆ ಮುಗಿಸಿ ಬಸ್ಸಿಗೆ ನಿಂತಿದ್ದಿರಿ. ಕಂಬದ ಹತ್ತಿರ ಸೆರಗು ಮುಚ್ಚಿ ಕೂತಿದ್ದ ಮುದುಕಿಗೆ ಒಂದು ತುಂಡು ಕರದಂಟು ಕೊಟ್ಟು ಬಾ ಎಂದು ನೀನೇ ಅವಳನ್ನು ಕಳಿಸಿದೆ. ಅವಳು ಬಗ್ಗಿ ಸೆರಗಿನೊಳಗೆ ಇಣುಕಿ, 'ಅವ್ವಾ, ಇಕಿ ನಮ್ಮ ಆಯೀನ' ಎಂದು ಕೂಗಿದಳು. ಆಯಿ ಹುಕ್ಕೇರಿಯಲ್ಲಿ ಇದ್ದಾಳೆ, ಸುಳ್ಳು ಹೇಳಬೇಡ ಎಂದು ನೀನು ಗದರಿಸಿ ಬಸ್ಸು ಹತ್ತಿಸಿದೆ. ಅವತ್ತು ಅವಳು ಹೇಳಿದ್ದು ಖರೆ ಎಂದು ಈಗಲಾದರೂ ಆ ಕೂಸಿಗೆ ಹೇಳು.