ಎಂಟನೆಯ ಸಹಿ

ಐದನೇ ಮಹಡಿ, ಅಡುಗೆಮನೆಯ ಮೇಜು
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅತ್ತಿಗೆಗೆ ಹೊಸ ಕನ್ನಡಕ ಹೊಂದಿಕೊಂಡಿತೇ? ಇಲ್ಲಿ ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಮೂರು ಹೊತ್ತೂ ಉಣ್ಣುತ್ತಾರೆ, ಮಧ್ಯಾಹ್ನ ಗೊರಕೆ ಹೊಡೆಯುತ್ತಾರೆ. ಈ ಎರಡು ವಾರದಲ್ಲಿ ಅವರ ರಕ್ತದೊತ್ತಡ ಒಂದು ಗೆರೆಯಷ್ಟೂ ಏರಿಲ್ಲ. ನಾನೇ ದಿನಾ ಪಟ್ಟಿ ಸುತ್ತಿ ನೋಡುತ್ತೇನೆ, ಏರಲಿ ಎಂದು ಕಾಯುತ್ತೇನೆ. ಮಗಳು ಬರೆಯುವ ಮಾತಲ್ಲ ಇದು, ಗೊತ್ತು.

ಲಿಫ್ಟ್ ಬಿದ್ದ ಸುದ್ದಿ ನಿನಗೆ ತಿಳಿದಿದೆ. ಅಪ್ಪ ಹೇಳಿದಷ್ಟು ತಿಳಿದಿದೆ. ಉಳಿದದ್ದನ್ನು ನಾನು ಬರೆಯುತ್ತೇನೆ. ಆ ಶನಿವಾರ ರಿಪೇರಿಯವನು ಬಂದು ನೋಡಿ, ಹಗ್ಗ ಸವೆದಿದೆ, ಹೊಸದು ಬರುವವರೆಗೆ ಯಾರೂ ಹತ್ತಕೂಡದು ಎಂದು ನೆಲಮಹಡಿಯ ಬಾಗಿಲಿಗೆ ಕೆಂಪು ಫಲಕ ತೂಗುಹಾಕಿ ಹೋದ. ನಿವಾಸಿಗಳ ಸಂಘದ ಅಧ್ಯಕ್ಷರೆಂದು ಅಪ್ಪನಿಗೆ ಬೇರೆಯಾಗಿಯೂ ಹೇಳಿದ. ಮರುದಿನ ನಮ್ಮ ಮನೆಯಲ್ಲೇ ಅಪ್ಪನಿಗೆ ಸನ್ಮಾನ. ಯಾವುದಕ್ಕೆ ಗೊತ್ತಲ್ಲ, ನಾಗರಿಕ ಪ್ರಜ್ಞೆಗೆ. ಬಸ್ಸಿನ ಕಿಟಕಿಯಿಂದ ಸಿಪ್ಪೆ ಎಸೆದವನನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿ, ಹಿಂದಕ್ಕೆ ನಡೆಸಿ, ಅದೇ ಸಿಪ್ಪೆ ಹೆಕ್ಕಿಸಿದ ಮಹಾನುಭಾವರಲ್ಲವೇ ನಮ್ಮಪ್ಪ. ಭಾನುವಾರ ಬೆಳಿಗ್ಗೆ ಅದೇ ಅಪ್ಪ ಕೆಂಪು ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯೊಳಗೆ ಬಂದರು. 'ದೊಡ್ಡ ಮನುಷ್ಯರು ಬರ್ತಿದಾರೆ, ಐದು ಮಹಡಿ ಹತ್ತಿಸೋಕಾಗುತ್ತೇನಮ್ಮ' ಎಂದು ಅದನ್ನು ಚಪ್ಪಲಿ ಗೂಡಿನ ಹಿಂದೆ ತುರುಕಿದರು.

ದೊಡ್ಡ ಮನುಷ್ಯರು ಸುಖವಾಗಿ ಹತ್ತಿದರು, ಹೊಗಳಿದರು, ಶಾಲು ಹೊದಿಸಿದರು, ಇಳಿದರು. ಊಟಕ್ಕೆ ಕೂತಾಗ ನಾನು ಫಲಕದ ಮಾತೆತ್ತಿದೆ. 'ಆಯ್ತಮ್ಮ, ಹಾಕ್ತೀನಿ' ಎಂದು ಹೇಳಿ ಮಲಗಿದರು. ನಾನು ಪಾತ್ರೆ ತೊಳೆದೆ. ಅಣ್ಣಾ, ಆ ಫಲಕ ನನ್ನ ಕೈಗೂ ಭಾರವಾಗುತ್ತಿರಲಿಲ್ಲ. ಕೆಳಗೆ ಹೋಗಿ ತೂಗುಹಾಕಿ ಬರಲು ಹತ್ತು ನಿಮಿಷವೂ ಬೇಡ. ನಾನು ಪಾತ್ರೆ ತೊಳೆದೆ.

ನಾಲ್ಕು ಗಂಟೆಗೆ ಮೆಟ್ಟಿಲು ಒರೆಸುವ ಅಕ್ಕ ಎರಡು ಬಕೆಟ್ ಹಿಡಿದು ಲಿಫ್ಟ್ ಹತ್ತಿದಳು. ರಜೆಯ ಮೇಲೆ ಶನಿವಾರ ಬಂದಿರಲಿಲ್ಲ, ಅವಳಿಗೇನು ಗೊತ್ತು. ಮೂರನೇ ಮಹಡಿಯಿಂದ ಲಿಫ್ಟಿನ ಸಮೇತ ತಳಕ್ಕೆ ಬಿದ್ದಳು. ಸೊಂಟ ಮುರಿದಿದೆ, ಎಡಗಾಲು ಎರಡು ಕಡೆ. ಕಬ್ಬಿಣದ ಬಾಗಿಲು ಬಿಡಿಸುವವರೆಗೆ ಅವಳು ಒಳಗಿನಿಂದ 'ನೀರು ಚೆಲ್ಲಿಬಿಡ್ತು, ನೀರು ಚೆಲ್ಲಿಬಿಡ್ತು' ಎನ್ನುತ್ತಲೇ ಇದ್ದಳು, ಅದೇ ಅವಳ ತಪ್ಪು ಎಂಬಂತೆ. ಮರುದಿನ ಬೆಳಿಗ್ಗೆ ತನಿಖೆಯವರು ಬರುವ ಹೊತ್ತಿಗೆ ಕೆಂಪು ಫಲಕ ಲಿಫ್ಟಿನ ಬಾಗಿಲಲ್ಲಿ ನೇರವಾಗಿ ತೂಗುತ್ತಿತ್ತು. ಧೂಳನ್ನೂ ಒರೆಸಿದ್ದರು.

ಆ ಸಂಜೆ ಸಂಘದ ಸಭೆ. ನೀನು ನೋಡಬೇಕಿತ್ತು ಆ ಹನ್ನೊಂದು ಮನೆಯವರ ಮುಖ. ಮೂರನೇ ಮಹಡಿಯ ಡಾಕ್ಟರು, 'ಒಳ್ಳೆ ಚಿಕಿತ್ಸೆ ಸಿಗ್ತಿದೆಯಲ್ಲ, ಇನ್ನೇನು ಬೇಕು' ಎಂದರು. ಎರಡನೇ ಮಹಡಿಯ ವಕೀಲರು, 'ಯಾರು ತೆಗೆದರು ಅನ್ನೋದು ಪ್ರಶ್ನೆನೇ ಅಲ್ಲ, ಅವಳು ನೋಡಿದಳಾ ಇಲ್ವಾ ಅನ್ನೋದೇ ಪ್ರಶ್ನೆ' ಎಂದು ಮೀಸೆ ತಿರುವಿದರು. ಸನ್ಮಾನಕ್ಕೆ ಬಂದು ಕೈತುಂಬ ಚಪ್ಪಾಳೆ ತಟ್ಟಿದವರೇ ಎಲ್ಲರೂ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಫಲಕವಿಲ್ಲದ್ದನ್ನು ಕಣ್ಣಾರೆ ಕಂಡು ಅದೇ ಲಿಫ್ಟಿನಲ್ಲಿ ಓಡಾಡಿದವರು. ಕಾಗದವೊಂದು ಕೈಯಿಂದ ಕೈಗೆ ಬಂತು. ಫಲಕ ಸದಾ ಇತ್ತು, ಕೆಲಸದವಳು ಓದುಬರಹ ಬಾರದವಳಾದ್ದರಿಂದ ಗಮನಿಸದೆ ಹತ್ತಿದಳು ಎಂದು ಅದರಲ್ಲಿ ಬರೆದಿತ್ತು. ಅಪ್ಪ ಮೊದಲು ಸಹಿ ಹಾಕಿದರು, ದುಂಡಗೆ. ವಕೀಲರು ಪೆನ್ನು ನನ್ನತ್ತ ಚಾಚಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಂಟನೆಯದು ನನ್ನ ಸಹಿ. ಅವರನ್ನೆಲ್ಲ ಹೇಡಿಗಳು ಎನ್ನುವ ಮುಂಚೆ ಇದನ್ನು ನಿನಗೆ ಹೇಳಬೇಕಿತ್ತು. ಹೇಡಿಗಳು. ಅವರ ಸಾಲಿನಲ್ಲಿ ನಾನೂ ಒಬ್ಬಳು, ಅಷ್ಟೇ.

ಕಳೆದ ಗುರುವಾರ ಆಸ್ಪತ್ರೆಗೆ ಹೋದೆ. ಹಣ್ಣು ಹಿಡಿದು ಹೋದೆ ನೋಡು, ಸಹಿ ಹಾಕಿದ ಕೈಯಲ್ಲೇ. ಅಕ್ಕ ಕಾಲು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದಳು, ಎದೆಯ ಮೇಲೆ ಹಳೆಯ ಪತ್ರಿಕೆ. ನನ್ನನ್ನು ಕಂಡು ಎದ್ದು ಕೂರಲು ಹೋದಳು. ಆಮೇಲೆ ಮೆಲ್ಲಗೆ ಹೇಳಿದಳು, 'ನನಗೆ ಓದೋಕೆ ಬರಲ್ಲ ಅಂತ ಬರ್ಕೊಟ್ಟಿದಾರಂತೆ. ನಿಮ್ಮಪ್ಪಾಜಿನೇ ಅಲ್ವಾ ಕಲಿಸಿದ್ದು? ಎರಡು ವರ್ಷ, ಮೆಟ್ಟಿಲ ಮೇಲೆ ಕೂರಿಸ್ಕೊಂಡು. ಅವರು ಮರೆತಿರಬೇಕು. ನೀವೊಂದು ಸಲ ನೆನಪು ಮಾಡಿ.' ನಿಂದೆಯಿಲ್ಲ, ಕಣ್ಣೀರಿಲ್ಲ. ಮೇಷ್ಟ್ರಿಗೆ ಮರೆವು ಬಂತಲ್ಲ ಎಂಬ ಕನಿಕರ.

ಮನೆಗೆ ಬಂದು ಅಪ್ಪನಿಗೆ ನೆನಪು ಮಾಡಿದೆ. 'ಒಂದು ತಪ್ಪಿಗೆ ನನ್ನ ಎಪ್ಪತ್ತು ವರ್ಷ ಅಳಿಸಿ ಹಾಕ್ತೀಯಾ?' ಎಂದರು. ಸನ್ಮಾನದ ಶಾಲು ಇನ್ನೂ ಅವರ ಕುರ್ಚಿಯ ಬೆನ್ನಿಗೇ ಇತ್ತು. ಅಳಿಸುವುದು ನಾನಲ್ಲ ಅಪ್ಪಾ, ಎಂದೆ. ಅಂದಿನಿಂದ ನಾವು ಮಾತಾಡಿಲ್ಲ. ತಟ್ಟೆ ಇಡುತ್ತೇನೆ, ಉಣ್ಣುತ್ತಾರೆ. ನಾನು ಆಚೆ ತಿರುಗಿದಾಗ ನನ್ನ ಬೆನ್ನನ್ನು ನೋಡುತ್ತಾರೆ, ಗೊತ್ತಾಗುತ್ತದೆ. ಅವರನ್ನು ತಿರಸ್ಕರಿಸುವುದು ಸುಲಭ ಎಂದುಕೊಂಡಿದ್ದೆ. ನನಗೂ ಅಕ್ಷರ ಕಲಿಸಿದ ಕೈ ಅದು. ಸುಲಭವಲ್ಲ. ಆದರೂ ತಿರಸ್ಕರಿಸುತ್ತೇನೆ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳ ತಲೆ ಸವರು. ಭಾರ ಎತ್ತಬೇಡ, ಬೆನ್ನು ಜೋಪಾನ.

ನಿನ್ನ ತಂಗಿ,
ಬಾಯಿಬಡಕಿ

ತಾ.ಕ.: ನಿನ್ನೆ ತನಿಖಾಧಿಕಾರಿಯ ಕಚೇರಿಗೆ ಹೋಗಿ ನನ್ನ ಸಹಿ ವಾಪಸ್ ಪಡೆದೆ, ನಡೆದದ್ದನ್ನೆಲ್ಲ ಬರೆದುಕೊಟ್ಟೆ. ನಾನು ಫಲಕ ಹಾಕದೆ ಪಾತ್ರೆ ತೊಳೆದದ್ದನ್ನೂ ಸೇರಿಸಿ. ಅಪ್ಪ ಸ್ಪೀಕರ್ ಹಾಕಿಕೊಂಡೇ ಫೋನಿನಲ್ಲಿ ಮಾತಾಡುವುದು ನಿನಗೆ ಗೊತ್ತಲ್ಲ. ಆ ಭಾನುವಾರ ಸಂಜೆ ಅವರು ನಿನ್ನ ಹತ್ತಿರ ಅತ್ತು, ಪೊಲೀಸರಿಗೆ ನಿಜ ಹೇಳಿಬಿಡುತ್ತೇನೆ ಎಂದರು. 'ಹುಚ್ಚಾ ಅಪ್ಪ ನಿಮಗೆ? ಬೆಳಗಾಗೋದ್ರೊಳಗೆ ಬೋರ್ಡ್ ವಾಪಸ್ ತೂಗುಹಾಕಿ' ಎಂದವನು ನೀನು. ಗೋಡೆಯ ಈಚೆ ನಾನು ಬಟ್ಟೆ ಮಡಿಸುತ್ತಿದ್ದೆ. ಅದನ್ನೂ ಬರೆದುಕೊಟ್ಟಿದ್ದೇನೆ. ಅಧಿಕಾರಿ ನಿನ್ನ ವಿಳಾಸ ಕೇಳಿದರು. ಪಿನ್‌ಕೋಡ್ ಸಮೇತ ಕೊಟ್ಟೆ.